ಕಾಲುವೆ ನೆಲದ ಮೇಲೆ ಹರಿಯಬೇಕೆಂದರೆ ಕುರ್ಚಿ ಎಲ್ಲಿಡಬೇಕು?

ಪ್ರಶ್ನೆ: ಸರ್, ನಾನು ಸಿಂಧನೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಮಾಸ್ತರ. ನಾವು ಹನ್ನೊಂದು ಜನ ಸೇರಿ ವರ್ಷಕ್ಕೊಂದು ನಾಟಕ ಆಡುತ್ತೇವೆ. ಈ ಸಲದ ನಾಟಕ ಕಾಲುವೆಯ ಕೊನೆಭಾಗದ ಒಬ್ಬ ಮುದಿ ರೈತನದು. ಹೊಲ, ಕಾಲುವೆ, ಮನೆ ಅಂಗಳ, ಊರ ಅಗಸಿ (ಹೆಬ್ಬಾಗಿಲು) ಎಲ್ಲ ಬರುತ್ತವೆ. ಸೆಟ್ ಹಾಕಿಸಲು ದುಡ್ಡಿಲ್ಲ. ಪ್ರೊಜೆಕ್ಟರಿನಿಂದ ನೆಲದ ಮೇಲೇ ದೃಶ್ಯ ಬಿಡುವ ವಿಡಿಯೊಗಳನ್ನು ನೋಡಿ ಆಸೆಯಾಗಿದೆ. ಶಾಲೆಯಲ್ಲಿ 3300 ಲ್ಯೂಮೆನ್ನಿನ ಪ್ರೊಜೆಕ್ಟರ್ ಇದೆ. ನಾಟಕ ಆಡುವುದು ಒಂದು ಕಲ್ಯಾಣ ಮಂಟಪದಲ್ಲಿ. ವೇದಿಕೆ ಮೂರೂವರೆ ಅಡಿ ಎತ್ತರ, 20 ಅಡಿ ಅಗಲ, 15 ಅಡಿ ಆಳ. ಹಾಲಿನ ನೆಲದಿಂದ ಚಾವಣಿಗೆ 14 ಅಡಿ. ಇಷ್ಟರಲ್ಲಿ ಆಗುತ್ತದಾ?

ಉತ್ತರ: ಮಾಸ್ತರೇ, ಆಗುತ್ತದೆ. ಆದರೆ ನೀವು ಅಂದುಕೊಂಡ ಜಾಗದಲ್ಲಿ ಆಗುವುದಿಲ್ಲ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ತಟ್ಟೆಯನ್ನು ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಏನು ಕಾಣುತ್ತದೆ? ತಟ್ಟೆಯ ಅಂಚು. ಒಳಗೆ ರೊಟ್ಟಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ನಿಮ್ಮ ವೇದಿಕೆಯ ಕಥೆಯೂ ಅಷ್ಟೇ. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಹೆಚ್ಚುಕಡಿಮೆ 4 ಅಡಿ ಎತ್ತರದಲ್ಲಿರುತ್ತದೆ. ವೇದಿಕೆಯೇ ಮೂರೂವರೆ ಅಡಿ. ಉಳಿಯುವುದು ಅರ್ಧ ಅಡಿ. 15 ಅಡಿ ಆಳದ ನೆಲವೆಲ್ಲ ಅವರಿಗೆ ಒಂದು ಗೆರೆಯ ಹಾಗೆ ಕಾಣುತ್ತದೆ. ಹಾಲಿನ ನೆಲ ಸಪಾಟಾಗಿರುವುದರಿಂದ ಹಿಂದಿನ ಸಾಲಿನವರಿಗೂ ಇದೇ ಗತಿ. ಜೊತೆಗೆ ಮುಂದಿನವರ ತಲೆ ಬೇರೆ. ನೀವು ಎಷ್ಟೇ ಚಂದದ ಕಾಲುವೆ ಬಿಟ್ಟರೂ ಅದನ್ನು ನೋಡುವವರು ಇಬ್ಬರೇ: ಪ್ರೊಜೆಕ್ಟರ್ ಹಿಡಿದವನು, ಮತ್ತೆ ಗೋಡೆ ಮೇಲಿನ ಹಲ್ಲಿ.

ನೀವು ನೋಡಿದ ವಿಡಿಯೊಗಳಲ್ಲಿ ಅಷ್ಟು ಚಂದ ಕಂಡಿತಲ್ಲ, ಅದು ಯಾಕೆ? ಕ್ಯಾಮೆರಾ ಮೇಲಿತ್ತು, ಅದಕ್ಕೆ. ಬಾಲ್ಕನಿಯಿಂದಲೋ ಕ್ರೇನಿನಿಂದಲೋ ತೆಗೆದಿರುತ್ತಾರೆ. 2022ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಮೈದಾನದ ನೆಲವೇ ಹೊಳೆದದ್ದು ನೆನಪಿದೆಯಾ? ಅದು ಪ್ರೊಜೆಕ್ಟರ್ ಅಲ್ಲ, ಎಲ್‌ಇಡಿ ನೆಲ. ಅಲ್ಲಿಯೂ ಜನ ಕೂತದ್ದು ಗ್ಯಾಲರಿಯಲ್ಲಿ, ನೆಲಕ್ಕಿಂತ ಎಷ್ಟೋ ಮೇಲೆ.

ಈ ಗುಟ್ಟು ನಮ್ಮ ಕಡೆಯವರಿಗೆ ಹೊಸದೇನಲ್ಲ. ಮೊಹರಂನಲ್ಲಿ ಅಲಾಯಿ ಕುಣಿಯ, ಅಂದರೆ ಬೆಂಕಿಗುಂಡಿಯ, ಸುತ್ತ ಹೆಜ್ಜೆ ಹಾಕುವಾಗ ಹೆಂಗಸರು, ಮಕ್ಕಳು ಎಲ್ಲಿರುತ್ತಾರೆ? ಮಾಳಿಗೆ ಮೇಲೆ. ಕೆಳಗೆ ನಿಂತವನಿಗೆ ಮುಂದಿನವನ ಬೆನ್ನು ಕಾಣುತ್ತದೆ. ಮಾಳಿಗೆ ಮೇಲಿನವರಿಗೆ ಇಡೀ ವೃತ್ತ ಕಾಣುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಮಣ್ಣಿನ ಮಾಳಿಗೆ ಅಂದರೆ ಬಿಟ್ಟಿ ಬಾಲ್ಕನಿ.

ಹಾಗಾಗಿ ನನ್ನ ಸಲಹೆ ಇದು. ನಾಟಕವನ್ನು ವೇದಿಕೆಯಿಂದ ಕೆಳಗಿಳಿಸಿ. ಜನರನ್ನು ವೇದಿಕೆ ಹತ್ತಿಸಿ.

ತಮಾಷೆಗೆ ಹೇಳುತ್ತಿಲ್ಲ. ವೇದಿಕೆ ಮುಂದಿನ ಹಾಲಿನ ನೆಲದಲ್ಲಿ 20 ಅಡಿಗೆ 15 ಅಡಿ ಜಾಗ ಬಿಡಿಸಿ. ಅದೇ ರಂಗ. ವೇದಿಕೆ ಮೇಲೆ ಎರಡು ಮೂರು ಸಾಲು ಕುರ್ಚಿ ಹಾಕಿ. ಅಲ್ಲಿ ಕೂತವರ ಕಣ್ಣು ಏಳೂವರೆ ಅಡಿ ಎತ್ತರದಲ್ಲಿರುತ್ತದೆ. ಅವರಿಗೆ ನೆಲ ಪೂರ್ತಿ ಕಾಣುತ್ತದೆ. ರಂಗದ ಎಡಕ್ಕೂ ಬಲಕ್ಕೂ ಮೊದಲ ಸಾಲು ಜಮಖಾನದ ಮೇಲೆ, ಎರಡನೆಯದು ಕುರ್ಚಿಯಲ್ಲಿ, ಮೂರನೆಯದು ಗಟ್ಟಿ ಅಟ್ಟಣಿಗೆಯ ಮೇಲಿಟ್ಟ ಕುರ್ಚಿಯಲ್ಲಿ. ವೇದಿಕೆಯ ಎದುರಿನ ನಾಲ್ಕನೇ ಬದಿಗೆ ಕರಿ ಪರದೆ ಕಟ್ಟಿ ಪಾತ್ರಗಳ ಒಳಬರುವ ದಾರಿ ಮಾಡಿ. ನಿಮ್ಮ ಊರ ಅಗಸಿಯೂ ಅದೇ ಆಗಲಿ. ಅದಕ್ಕೆ ಪ್ರೊಜೆಕ್ಟರ್ ಬೇಡ, ಎರಡು ಕಂಬ ಸಾಕು.

ಜನ ಕಡಿಮೆ ಹಿಡಿಸುತ್ತಾರೆ, ಒಪ್ಪಿದೆ. ಮುನ್ನೂರು ಕುರ್ಚಿಯ ಹಾಲಿನಲ್ಲಿ ನೂರು ನೂರಿಪ್ಪತ್ತು ಜನ ಕೂರಬಹುದು. ಎರಡು ಪ್ರದರ್ಶನ ಮಾಡಿ. ಅದು ಆಗದು, ಮುನ್ನೂರು ಜನ ಒಟ್ಟಿಗೇ ಕೂರಬೇಕು ಅಂದರೆ ನೆಲದ ಆಸೆ ಬಿಡಿ. ಹಿಂಬದಿಗೆ ಬಿಳಿ ಬಟ್ಟೆ ಕಟ್ಟಿ ಅಲ್ಲಿ ಚಿತ್ರ ಬಿಡಿ. ಅದರಲ್ಲಿ ನಾಚಿಕೆಯೇನಿಲ್ಲ. ಕಂಪನಿ ನಾಟಕದವರು ಕಾಡು, ಅರಮನೆ, ಬೀದಿಯ ಪರದೆ ಇಳಿಬಿಟ್ಟೇ ಜನರನ್ನು ಬೆಳಗಿನ ತನಕ ಕೂರಿಸಿದರು.

ಈಗ ಪ್ರೊಜೆಕ್ಟರಿಗೆ ಬರೋಣ. ಲ್ಯೂಮೆನ್ ಅಂದರೆ ಪ್ರೊಜೆಕ್ಟರ್ ಬಿಡುವ ಒಟ್ಟು ಬೆಳಕಿನ ಅಳತೆ. 3300 ಅನ್ನುವುದು ದೊಡ್ಡ ಅಂಕಿಯಂತೆ ಕೇಳಿಸುತ್ತದೆ. ಅದನ್ನು ಎಷ್ಟು ಜಾಗಕ್ಕೆ ಹರಡುತ್ತೀರಿ ಅನ್ನುವುದು ಮುಖ್ಯ. ಒಂದು ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. 20 ಅಡಿಗೆ 15 ಅಡಿ ಅಂದರೆ ಸುಮಾರು 28 ಚದರ ಮೀಟರ್. ಲೆಕ್ಕ ಹಾಕಿದರೆ 118 ಲಕ್ಸ್ ಬರುತ್ತದೆ. ಟ್ಯೂಬ್‌ಲೈಟ್ ಹಚ್ಚಿದ ಮನೆಯ ಕೋಣೆಯಷ್ಟು ಬೆಳಕು. ನಟರ ಮುಖಕ್ಕೆ ಲೈಟ್ ಬಿಟ್ಟ ಕೂಡಲೇ ಚಿತ್ರ ಬಿಳಿಚಿಕೊಳ್ಳುತ್ತದೆ. ಅದೇ ಬೆಳಕನ್ನು 9 ಅಡಿಗೆ 7 ಅಡಿಗೆ ಕುಗ್ಗಿಸಿ. ಈಗ ಸುಮಾರು 550 ಲಕ್ಸ್! ಅದೇ ಪ್ರೊಜೆಕ್ಟರ್, ಅದೇ ಕರೆಂಟು. ಇನ್ನೊಂದು ಮಾತು: ಲ್ಯಾಂಪ್ ಹಳೆಯದಾದರೆ ಡಬ್ಬದ ಮೇಲೆ ಬರೆದ ಅಂಕಿಯನ್ನು ನಂಬಬೇಡಿ. ಲ್ಯಾಂಪಿನ ಆಯುಷ್ಯ ಅಂತ ಕಂಪನಿಗಳು ಬರೆಯುವುದು ಸಾಮಾನ್ಯವಾಗಿ ಬೆಳಕು ಅರ್ಧಕ್ಕೆ ಇಳಿಯುವವರೆಗಿನ ಲೆಕ್ಕ.

9 ಅಡಿ ಯಾಕೆ ಅಂದೆ ಅಂದರೆ, ನಿಮಗೆ ಹೆಚ್ಚೆಂದರೆ ಅಷ್ಟೇ ಸಿಗುವುದು. ಶಾಲೆಗಳಲ್ಲಿ ಇರುವ ಪ್ರೊಜೆಕ್ಟರುಗಳು ಸಾಧಾರಣವಾಗಿ ಒಂದೂವರೆ ಅಡಿ ದೂರಕ್ಕೆ ಒಂದು ಅಡಿ ಅಗಲದ ಚಿತ್ರ ಕೊಡುತ್ತವೆ. 14 ಅಡಿ ಎತ್ತರದಿಂದ ನೇರ ಕೆಳಗೆ ಬಿಟ್ಟರೆ 9 ಅಡಿ ಚಿಲ್ಲರೆ. ವೇದಿಕೆ ಮೇಲೆ ಆಗಿದ್ದರೆ ಎತ್ತರ ಹತ್ತೂವರೆ ಅಡಿಗೆ ಇಳಿಯುತ್ತಿತ್ತು, ಚಿತ್ರ 7 ಅಡಿಗೆ. ಕೆಳಗಿಳಿದದ್ದಕ್ಕೆ ಇದೂ ಒಂದು ಲಾಭ ನೋಡಿ. ಹತ್ತಿರದಿಂದಲೇ ದೊಡ್ಡ ಚಿತ್ರ ಬಿಡುವ ಶಾರ್ಟ್ ಥ್ರೋ ಪ್ರೊಜೆಕ್ಟರ್ ಬಾಡಿಗೆಗೆ ಸಿಕ್ಕರೆ 10 ಅಡಿಯಿಂದಲೇ 20 ಅಡಿ ಅಗಲ ಬರುತ್ತದೆ. ಬೆಳಕು ತೆಳುವಾಗುವ ಲೆಕ್ಕ ಮಾತ್ರ ಬದಲಾಗುವುದಿಲ್ಲ.

ಲ್ಯಾಂಪಿನ ಪ್ರೊಜೆಕ್ಟರನ್ನು ಮೂತಿ ಕೆಳಗೆ ಮಾಡಿ ನೇತು ಹಾಕಬೇಡಿ. ಅದರೊಳಗಿನ ಗಾಳಿಯ ದಾರಿ ಮಲಗಿಸಿಟ್ಟಾಗ ಸರಿಯಾಗಿ ಆಡುವಂತೆ ಮಾಡಿರುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಅದಕ್ಕೆ ಮೊದಲೇ ಉಸಿರು ಕಟ್ಟಿರುತ್ತದೆ. ಮಲಗಿಸಿಯೇ ಕಟ್ಟಿ, ಅದರ ಮುಂದೆ 45 ಡಿಗ್ರಿ ವಾಲಿಸಿ ಒಂದು ಕನ್ನಡಿ ನಿಲ್ಲಿಸಿ. ಚಿತ್ರ ನೆಲಕ್ಕೆ ತಿರುಗುತ್ತದೆ. ಮನೆಯ ಕನ್ನಡಿಗೆ ಹೊಳೆಯುವ ಲೇಪ ಗಾಜಿನ ಹಿಂದೆ ಇರುವುದರಿಂದ ಪಕ್ಕದಲ್ಲೊಂದು ಮಬ್ಬು ನೆರಳು ಮೂಡುತ್ತದೆ. ದಪ್ಪ ಗೆರೆಯ ಚಿತ್ರಗಳಿಗೆ ಅದು ಲೆಕ್ಕಕ್ಕಿಲ್ಲ. ಚಿತ್ರ ಎಡಬಲ ಉಲ್ಟಾ ಆಗುತ್ತದೆ. ಮೆನುವಿನಲ್ಲಿ ರಿಯರ್ ಪ್ರೊಜೆಕ್ಷನ್ ಒತ್ತಿದರೆ ಸರಿಹೋಗುತ್ತದೆ. ಫ್ಯಾನಿನ ಕೊಕ್ಕೆಗೆ ಕಟ್ಟಬೇಡಿ. ಶಾಮಿಯಾನದವರ ಹತ್ತಿರ ಕಬ್ಬಿಣದ ಕಂಬ, ಅಡ್ಡ ಪೈಪು ಸಿಗುತ್ತವೆ. ಪ್ರೊಜೆಕ್ಟರಿಗೂ ಕನ್ನಡಿಗೂ ಬೇರೆ ಬೇರೆ ಕಬ್ಬಿಣದ ಸರಪಳಿ ಹಾಕಿ, ಕಟ್ಟು ಬಿಚ್ಚಿದರೂ ತಲೆ ಮೇಲೆ ಬೀಳದ ಹಾಗೆ. ಕೆಳಗೆ ನಿಮ್ಮ ಹುಡುಗರು ಇರುತ್ತಾರೆ, ಇದರಲ್ಲಿ ಉಳಿತಾಯ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ನಿಮ್ಮ ನಾಟಕದ ಕಾಲುವೆಗೆ ನಾನಾಗಿದ್ದರೆ ಈ ಪ್ರೊಜೆಕ್ಟರನ್ನು ಬಳಸುತ್ತಲೇ ಇರಲಿಲ್ಲ. ಶಾಲೆಯ ಸ್ಟೋರ್ ರೂಮಿನಲ್ಲಿ ಹಳೆಯ ಓವರ್‌ಹೆಡ್ ಪ್ರೊಜೆಕ್ಟರ್ ಇದೆಯಾ ನೋಡಿ. ಮುಂಚೆ ಪಾರದರ್ಶಕ ಹಾಳೆ ಇಟ್ಟು ಪಾಠ ಮಾಡುತ್ತಿದ್ದರಲ್ಲ, ಅದೇ. ನಿಮ್ಮಲ್ಲಿ ಇಲ್ಲದಿದ್ದರೆ ಯಾವುದಾದರೂ ಹಳೆ ಕಾಲೇಜಿನಲ್ಲಿ ಧೂಳು ತಿನ್ನುತ್ತಾ ಬಿದ್ದಿರುತ್ತದೆ. ಅದರ ಗಾಜು ಮೇಲ್ಮುಖವಾಗಿ ಮಲಗಿರುತ್ತದೆ, ತಲೆಯಲ್ಲಿ ತಿರುಗುವ ಕನ್ನಡಿ ಇರುತ್ತದೆ. ಎತ್ತರದಲ್ಲಿಟ್ಟು ಕನ್ನಡಿಯನ್ನು ಕೆಳಗೆ ವಾಲಿಸಿದರೆ ಬೆಳಕು ನೆಲಕ್ಕೆ ಬೀಳುತ್ತದೆ. ಗಾಜು ಮಾತ್ರ ಸಮವಾಗಿಯೇ ಇರುತ್ತದೆ. ಅಂದರೆ ಅದರ ಮೇಲೆ ನೀರು ಇಡಬಹುದು!

ವೇದಿಕೆಯ ಮೇಲೆ, ಜನರ ನಡುವೆಯೇ, ಒಂದು ಮೇಜು ಹಾಕಿ ಅದನ್ನಿಡಿ. 14 ಅಡಿ ದೂರಕ್ಕೆ ಹೆಚ್ಚುಕಡಿಮೆ 12 ಅಡಿ ಅಗಲದ ಬೆಳಕು ಬೀಳುತ್ತದೆ. ಗಾಜಿನ ಮೇಲೆ ಕಪ್ಪು ರಟ್ಟು ಮುಚ್ಚಿ. ಆ ರಟ್ಟಿನಲ್ಲಿ ಉದ್ದಕ್ಕೆ 2 ಇಂಚಿನ ಸೀಳು ಕತ್ತರಿಸಿ. ನೆಲದ ಮೇಲೆ 2 ಅಡಿಗೂ ಅಗಲವಾದ ಒಂದು ಬಿಳಿ ಪಟ್ಟಿ ಬೀಳುತ್ತದೆ. ಅದು ನಿಮ್ಮ ಬತ್ತಿದ ಕಾಲುವೆ. ಈಗ ತಿಳಿನೀಲಿ ಬಣ್ಣದ ಜಿಲೆಟಿನ್ ಹಾಳೆಯನ್ನು ಸೀಳಿನ ಒಂದು ತುದಿಯಿಂದ ನಿಧಾನವಾಗಿ ತಳ್ಳುತ್ತಾ ಬನ್ನಿ. ತೀರಾ ನಿಧಾನ, ಒಂದು ನಿಮಿಷಕ್ಕೆ ಒಂದು ಗೇಣು. ನೆಲದ ಮೇಲೆ ನೀಲಿ ಮುಂದಕ್ಕೆ ತೆವಳುತ್ತದೆ. ನೀರು ಬಂತು. ಮೇಲ್ಭಾಗದ ಹೊಲದವನು ಸಲಿಕೆ ಊರಿ ನಗುತ್ತಾನೆ. ನೀಲಿ ಇನ್ನೂ ಬರುತ್ತಿದೆ. ಮುದುಕ ಪಟ್ಟಿಯ ಕೊನೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಅವನಿಗೆ ಮೂರು ಅಡಿ ಇದೆ ಅನ್ನುವಾಗ ಹಾಳೆ ನಿಲ್ಲಿಸಿಬಿಡಿ. ಅಲ್ಲಿಂದ ಮುಂದೆ ಬಿಳಿ. ಅವನು ಕೈ ಚಾಚಿ ಒಣ ಪಟ್ಟಿಯನ್ನು ಮುಟ್ಟಿ ನೋಡಲಿ. ಮಾತು ಬೇಡ. ತುಂಗಭದ್ರಾ ಎಡದಂಡೆಯ ಕೊನೆಭಾಗದವರಿಗೆ ಆ ಮೂರು ಅಡಿಯ ಅರ್ಥ ಹೇಳಿಕೊಡಬೇಕಾ?

ಗಾಢ ನೀಲಿ ಹಾಳೆ ತರಬೇಡಿ, ಅದು ಬೆಳಕನ್ನೆಲ್ಲ ನುಂಗುತ್ತದೆ. ಕೊನೆಗೆ ನೀರು ನಿಜವಾಗಿ ಬರುವ ದೃಶ್ಯ ಇದ್ದರೆ ಆಗ ಗಾಜಿನ ತಟ್ಟೆಯಲ್ಲಿ ಅರ್ಧ ಇಂಚು ನೀರು ಹಾಕಿ ಇಡಿ. ಪೆನ್ಸಿಲ್ ತುದಿಯಿಂದ ಮುಟ್ಟಿದರೆ ರಂಗದ ತುಂಬ ಅಲೆ. ಈ ಬೆಳಕು ಓರೆಯಾಗಿ ಬರುವುದರಿಂದ ಮುದುಕನ ಬಿಳಿ ಧೋತರದ ಮೇಲೂ ಅಲೆ ಏರುತ್ತದೆ. ಪ್ಲಾಸ್ಟಿಕ್ ತಟ್ಟೆ ಬಿಸಿಗೆ ಸೊಟ್ಟಗಾಗುತ್ತದೆ, ಬೇಡ. ನೀರಿನ ಪಕ್ಕ ಕರೆಂಟ್ ಇದೆ ಅನ್ನುವುದು ನೆನಪಿರಲಿ. ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಬ್ರೇಕರ್ ಇರುವ ಪ್ಲಗ್ಗಿಗೇ ಹಾಕಿ. ಒಬ್ಬ ದೊಡ್ಡವರು ಅದರ ಪಕ್ಕದಿಂದ ಏಳಲೇಬಾರದು.

ಇದನ್ನು ನಾನು ಕಲಿತದ್ದು ತೊಗಲುಗೊಂಬೆಯವರನ್ನು ನೋಡಿ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಆ ಕಲೆ. ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದರೆ ಕೆತ್ತಿದ ಒಂದೊಂದು ತೂತೂ ಕಾಣುತ್ತದೆ. ಒಂದು ಗೇಣು ಹಿಂದೆ ಸರಿಸಿದರೆ ಮಸುಕಾಗಿ, ಗಾಳಿಯಲ್ಲಿ ಕರಗಿದಂತಾಗುತ್ತದೆ. ಓವರ್‌ಹೆಡ್ಡಿನಲ್ಲೂ ಅದೇ ಆಟ. ರಟ್ಟು ಗಾಜಿಗೆ ತಾಗಿದ್ದರೆ ಗೆರೆ ಚೂಪು. ಮೇಲೆತ್ತಿದರೆ ಮಂಜು. ಒಬ್ಬ ಹುಡುಗ ಎರಡು ದಿನ ಕೂತು ಕೈ ಆಡಿಸಿದರೆ ಯಾವ ಸಾಫ್ಟ್‌ವೇರಿಗೂ ಬರದ ನಯ ಬರುತ್ತದೆ. ನಟ ಮಾತು ಮರೆತು ತಡವರಿಸಿದರೆ ಅವನೂ ತಡೆಯುತ್ತಾನೆ. ವಿಡಿಯೊ ತಡೆಯುವುದಿಲ್ಲ.

ಹಾಗಾದರೆ ಶಾಲೆಯ ಪ್ರೊಜೆಕ್ಟರ್ ಸುಮ್ನೆ ಇರಲಾ? ಇಲ್ಲ. ಅಂಗಳಕ್ಕೆ, ಬಿರುಕು ಬಿಟ್ಟ ಹೊಲಕ್ಕೆ ಅದೇ ಸರಿ. ಚಿತ್ರಗಳನ್ನು ನೆಟ್‌ನಿಂದ ಇಳಿಸಬೇಡಿ, ನೀವೇ ತೆಗೆಯಿರಿ. ನಿಂತು ತೆಗೆದ ಹೊಲದ ಫೋಟೊ ನೆಲದ ಮೇಲೆ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಆಕಾಶ ಇರುತ್ತದೆ, ದೂರ ಇರುತ್ತದೆ. ನಟ ಆಕಾಶ ತುಳಿದುಕೊಂಡು ನಡೆದರೆ ನಗು ಬರುತ್ತದೆ, ಅಲ್ವಾ? ಏಣಿ ಹತ್ತಿ, ಮೊಬೈಲನ್ನು ನೇರ ಕೆಳಗೆ ಹಿಡಿದು ಎರೆಭೂಮಿಯನ್ನು ತೆಗೆಯಿರಿ. ಬೆಳಿಗ್ಗೆ ಎಂಟರೊಳಗೆ ತೆಗೆದರೆ ಓರೆ ಬಿಸಿಲಿಗೆ ಬಿರುಕಿನೊಳಗೆ ನೆರಳು ತುಂಬಿ ಆಳ ಕಾಣುತ್ತದೆ. ನಡುಹಗಲಲ್ಲಿ ಎಲ್ಲ ಸಪ್ಪೆ. ಫೋಟೊದಲ್ಲಿ ನೆರಳು ಯಾವ ಕಡೆಗೆ ಬಿದ್ದಿದೆಯೋ ರಂಗದ ಲೈಟೂ ಅದಕ್ಕೆ ಹೊಂದಬೇಕು. ಜನ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಏನೋ ಸುಳ್ಳು ಅನ್ನಿಸಿಬಿಡುತ್ತದೆ. ನಿಂತ ಚಿತ್ರವೇ ಇರಲಿ. ನೆಲ ಜಾಸ್ತಿ ಅಲುಗಾಡಿದರೆ ನೋಡುವವರಿಗೆ ತಲೆ ಸುತ್ತುತ್ತದೆ, ನಟನ ಕಾಲು ತೇಲುತ್ತದೆ. ಚಿತ್ರ ಓಡಿಸಲು ಪವರ್‌ಪಾಯಿಂಟ್ ಸಾಕು. ಓರೆಯಾಗಿ ಬಿಟ್ಟು ಮೂಲೆಗಳನ್ನು ಎಳೆದು ಕೂರಿಸಬೇಕಾದರೆ ಮ್ಯಾಪ್‌ಮ್ಯಾಪ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ.

ಕಲ್ಯಾಣ ಮಂಟಪದ ನೆಲ ಎಂಥದು ಅಂತ ನೀವು ಬರೆದಿಲ್ಲ. ಹೊಳೆಯುವ ಟೈಲ್ಸ್ ಇದ್ದರೆ ಪ್ರೊಜೆಕ್ಟರಿನ ಬೆಳಕು ಕನ್ನಡಿಯಂತೆ ಎದ್ದು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಪಾಲಿಶ್ ಮಾಡಿದ ಕಡಪ ಕಲ್ಲಾದರೆ ಚಿತ್ರವನ್ನೇ ತಿಂದುಬಿಡುತ್ತದೆ. ಪಾಲಿಶ್ ಇಲ್ಲದ ಶಹಾಬಾದ್ ಫರ್ಸಿ ಇದ್ದರೆ ನಿಮ್ಮ ಪುಣ್ಯ. ಆ ಬೂದು ಬಣ್ಣ ಇದಕ್ಕೆ ಹೇಳಿ ಮಾಡಿಸಿದ್ದು, ಏನೂ ಹಾಸಬೇಡಿ. ಇಲ್ಲದಿದ್ದರೆ ಮಾಂಜರಪಾಟ ಬಟ್ಟೆ ಜೋಡಿಸಿ ಹೊಲಿಸಿ, ತೆಳ್ಳಗೆ ಬೂದು ಡಿಸ್ಟೆಂಪರ್ ಬಳಿದು, ಸುಕ್ಕಿಲ್ಲದಂತೆ ಎಳೆದು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಅಪ್ಪಟ ಬಿಳಿ ಬೇಡ, ನಟರ ಲೈಟ್ ಸ್ವಲ್ಪ ತಾಗಿದರೂ ಹೊತ್ತಿಕೊಂಡಂತೆ ಕಾಣುತ್ತದೆ. ಮುಂದೆ ಹಳ್ಳಿಗಳಲ್ಲಿ ಆಡುವುದಾದರೆ ಸೆಗಣಿ ಸಾರಿಸಿದ ಅಂಗಳವೂ ಒಳ್ಳೇ ಪರದೆ, ಒಂಚೂರೂ ಹೊಳೆಯುವುದಿಲ್ಲ. ನೀಲಿ ಮಾತ್ರ ಅದರ ಮೇಲೆ ಮಂಕು. ರಂಗೋಲಿಯಂಥ ಬಿಳಿ ಗೆರೆ ಚಂದ ಏಳುತ್ತದೆ.

ನಟರ ಲೈಟು ಈ ಕೆಲಸದ ಅತ್ತೆ-ಸೊಸೆ ಜಗಳ. ಮುಖ ಕಾಣಬೇಕು, ಆದರೆ ಆ ಬೆಳಕು ನೆಲಕ್ಕೆ ಬೀಳಬಾರದು. ಮೇಲಿನಿಂದ, ಎದುರಿನಿಂದ ಬರುವ ಲೈಟನ್ನೆಲ್ಲ ಆರಿಸಿ. ನಾಲ್ಕು ಮೂಲೆಗೆ ಒಂದೊಂದು ಎಲ್‌ಇಡಿ ಪಾರ್ (ಡಬ್ಬಿಯಂಥ ರಂಗದ ಲೈಟು), ಎಂಟೊಂಬತ್ತು ಅಡಿ ಎತ್ತರದಲ್ಲಿ. ಅದರ ಕೆಳಬದಿಗೆ ಕರಿ ಬಳಿದ ತಗಡಿನ ರೆಪ್ಪೆ ಕಟ್ಟಿ, ಬೆಳಕು ಸೊಂಟದಿಂದ ಮೇಲಕ್ಕೆ ಮಾತ್ರ ಹೋಗುವಂತೆ. ಪಾರ್ ಹರಡುವ ಲೈಟು, ಆದ್ದರಿಂದ ಪೂರ್ತಿ ತಡೆಯಲಾಗದು. ಸ್ವಲ್ಪ ನೆಲಕ್ಕೆ ಇಳಿದೇ ಇಳಿಯುತ್ತದೆ. ಅದಕ್ಕೆ ಇನ್ನೊಂದು ಉಪಾಯ ಇದೆ: ಉದ್ದದ ಮಾತುಗಳನ್ನು ಚಿತ್ರದ ಅಂಚಿನ ಹೊರಗೆ ನಿಂತು ಆಡಿಸಿ. ಚಿತ್ರದೊಳಗೆ ಹೆಜ್ಜೆ ಇಡುವುದು ಕೆಲಸಕ್ಕೆ ಮಾತ್ರ. ಬಿತ್ತುವಾಗ, ಕುಸಿಯುವಾಗ, ನೀರು ಮುಟ್ಟುವಾಗ. ಸುಮ್ಮಸುಮ್ಮನೆ ಓಡಾಡಿದರೆ ಅದರ ಬೆಲೆ ಹೋಗುತ್ತದೆ. ಅಲ್ಲದೆ ನೇರ ಮೇಲಿನಿಂದ ಬರುವ ಚಿತ್ರ ನಟನ ನೆತ್ತಿ, ಹೆಗಲಿನ ಮೇಲೂ ಬೀಳುತ್ತದೆ. ಬಿಳಿ ರುಮಾಲು ಇದ್ದರೆ ತಲೆ ಮೇಲೆ ಹೊಲ ಬಿರುಕು ಬಿಟ್ಟಿರುತ್ತದೆ! ಆ ದೃಶ್ಯಕ್ಕೆ ಮಾಸಿದ ಬಣ್ಣದ ರುಮಾಲು ಸುತ್ತಿಸಿ.

ಹಾಲು ಎಷ್ಟು ಕತ್ತಲಾಗುತ್ತದೆ ಅಂತ ಮೊದಲೇ ಹೋಗಿ ನೋಡಿ. ಹಂಪಿಯ ವಿರೂಪಾಕ್ಷ ಗುಡಿಯೊಳಗೆ ಗೋಪುರ ತಲೆಕೆಳಗಾಗಿ ಗೋಡೆ ಮೇಲೆ ಮೂಡುವುದನ್ನು ನೋಡಿರುತ್ತೀರಿ. ಅಲ್ಲಿ ಲ್ಯಾಂಪೂ ಇಲ್ಲ, ಲೆನ್ಸೂ ಇಲ್ಲ. ಒಂದು ಸಣ್ಣ ಕಿಂಡಿ, ಮತ್ತೆ ಕತ್ತಲೆ. ನಿಮ್ಮ ಮಂಟಪದಲ್ಲಿ ವೆಂಟಿಲೇಟರಿಗೆ ಗಾಜು ಇದ್ದರೆ ಸಂಜೆ ಏಳೂವರೆಗೆ ಮೊದಲು ಶುರು ಮಾಡಬೇಡಿ. ಹೊರಗಿನ ಸೀರಿಯಲ್ ಸೆಟ್ ಆರಿಸಲು ಹೇಳಿ. ಊಟದ ಹಾಲಿನ ಬಾಗಿಲಿಗೂ ಪರದೆ ಬೇಕು, ಅಲ್ಲಿಂದ ಯಾರಾದರೂ ನೀರು ಕುಡಿದು ಬಂದೇ ಬರುತ್ತಾರೆ.

ಕೊನೆಗೆ ನನ್ನದೇ ಒಂದು ಫಜೀತಿ. ಬಹಳ ವರ್ಷದ ಹಿಂದೆ, ಬಳ್ಳಾರಿಯ ಒಂದು ಹಾಲು. ಮಗನ ಹೆಣದ ಮುಂದೆ ತಾಯಿ ಕೂತ ದೃಶ್ಯ. ನೆಲದ ಮೇಲೆ ಬೆಳದಿಂಗಳು ಬಿಟ್ಟಿದ್ದೆ. ಯಾರದೋ ಕಾಲು ವೈರಿಗೆ ತಾಗಿತು. ಬೆಳದಿಂಗಳು ಹೋಗಿ ನೆಲದ ತುಂಬ ನೀಲಿ ಚೌಕ, ನಡುವೆ 'ನೋ ಸಿಗ್ನಲ್' ಅನ್ನುವ ಅಕ್ಷರ. ಒಂದು ಕ್ಷಣ ಎಲ್ಲರೂ ಸುಮ್ಮನಿದ್ದರು. ಆಮೇಲೆ ಹಿಂದಿನಿಂದ ಯಾರೋ, "ಟಿವಿ ಹೋತು ನೋಡ್ರಿ" ಅಂದರು. ಹಾಲಿಗೆ ಹಾಲೇ ನಕ್ಕಿತು. ತಾಯಿಯ ಪಾತ್ರದ ಹೆಣ್ಣುಮಗಳು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಅವತ್ತಿನಿಂದ ಲೆನ್ಸಿನ ಮುಂದೆ ಒಂದು ರಟ್ಟಿನ ಮುಚ್ಚಳ ಕಟ್ಟಿ, ಅದರ ದಾರ ನನ್ನ ಕೈಯಲ್ಲೇ ಇಟ್ಟುಕೊಳ್ಳುತ್ತೇನೆ. ನೀವೂ ಕಟ್ಟಿ. ಅದಕ್ಕೆ ಇನ್ನೊಂದು ಉಪಯೋಗವೂ ಇದೆ. ಕಪ್ಪು ಸ್ಲೈಡ್ ಹಾಕಿದರೂ ಪ್ರೊಜೆಕ್ಟರ್ ಮಸುಕು ಬೂದು ಬೆಳಕು ಬಿಡುತ್ತಲೇ ಇರುತ್ತದೆ. ಕತ್ತಲೆ ದೃಶ್ಯದಲ್ಲಿ ಆ ಬೂದು ಚೌಕ ಎದ್ದು ಕಾಣುತ್ತದೆ. ಮುಚ್ಚಳ ಎಳೆದರೆ ನಿಜವಾದ ಕತ್ತಲು. ಮೆನುವಿನಲ್ಲಿ ಸಿಗ್ನಲ್ ಇಲ್ಲದಾಗಿನ ಬಣ್ಣವನ್ನು ನೀಲಿ ತೆಗೆದು ಕಪ್ಪು ಮಾಡಿ. ಲ್ಯಾಪ್‌ಟಾಪಿನ ವಾಲ್‌ಪೇಪರೂ ಕಪ್ಪಿರಲಿ. ವಾಟ್ಸಾಪ್ ಮುಚ್ಚಿ. ಎಚ್‌ಡಿಎಂಐ ಕೇಬಲ್ 10 ಮೀಟರ್ ದಾಟಿದರೆ ಸಾದಾ ಕೇಬಲ್ ಕೈಕೊಡಬಹುದು, ಲ್ಯಾಪ್‌ಟಾಪನ್ನೇ ಹತ್ತಿರಕ್ಕೆ ತನ್ನಿ.

ಕರೆಂಟ್ ಹೋಗುವ ಮಾತು. ಲ್ಯಾಂಪಿನ ಪ್ರೊಜೆಕ್ಟರ್ ಒಮ್ಮೆ ಆರಿದರೆ ತಣ್ಣಗಾಗುವ ತನಕ ಮತ್ತೆ ಹತ್ತುವುದಿಲ್ಲ. ಜನರೇಟರ್ ಶುರುವಾಗುವ ಅರ್ಧ ನಿಮಿಷಕ್ಕೆ ಯುಪಿಎಸ್ ಹಾಕಿ. ಓವರ್‌ಹೆಡ್ಡಿನ ಹ್ಯಾಲೊಜನ್ ಬಲ್ಬು ಸಣ್ಣ ಯುಪಿಎಸ್ಸಿಗೆ ಭಾರ, ಅದನ್ನು ಅದಕ್ಕೆ ಸೇರಿಸಬೇಡಿ. ಆ ಅರ್ಧ ನಿಮಿಷಕ್ಕೆ ಮುದುಕನ ಕೈಯಲ್ಲಿ ಮೊದಲಿನಿಂದಲೂ ಒಂದು ಲಾಟೀನು ಇರಲಿ. ರಾತ್ರಿ ನೀರು ಕಾಯಲು ಹೋಗುವವನು, ಲಾಟೀನು ಹಿಡಿದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಕತ್ತಲಾದರೆ ಅದನ್ನು ನೆಲಕ್ಕೆ ತಗ್ಗಿಸಿ, ಕಾಲುವೆ ಇದ್ದ ಜಾಗದಲ್ಲಿ ಹುಡುಕುತ್ತಾ ನಡೆಯಲಿ, ಕರೆಂಟ್ ಬರುವ ತನಕ.